ಹೊಗೆಸೊಪ್ಪಿನ ಸೀಮೆ, ಎದೆಯೊಳಗಿನ ಮಸಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ತಂಬಾಕಿಗೆ ಹೊಗೆಸೊಪ್ಪು ಎಂದು ಹೆಸರು. ತಮಾಷೆಯೆಂದರೆ, ಬ್ಯಾರನ್ನಿನಲ್ಲಿ ಬೇಯುವಾಗ ಈ ಹೊಗೆಸೊಪ್ಪಿಗೆ ಹೊಗೆ ತಾಕುವಂತಿಲ್ಲ. ಒಲೆಯ ಕಾವು ತಗಡಿನ ಕೊಳವೆಯೊಳಗೆ ಹರಿದು ಎಲೆಯನ್ನು ಒಣಗಿಸುತ್ತದೆ, ಹೊಗೆ ಚಿಮಣಿಯಿಂದ ಆಚೆ ಹೋಗುತ್ತದೆ. ಎಲೆಗೆ ಇಷ್ಟೆಲ್ಲ ಜೋಪಾನ. ರಾತ್ರಿಯೆಲ್ಲ ಕೂತು ಒಲೆಗೆ ಸೌದೆ ಒಡ್ಡುವವರಿಗೆ ಮಾತ್ರ ಅಂಥ ಕೊಳವೆಯಿಲ್ಲ. ಬೇಲ್ ಹೇರಿಕೊಂಡು ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗೆ ಹೊರಟರೆ ಡೀಸೆಲ್ ಹೊಗೆಯೂ ಜೊತೆಗೂಡುತ್ತದೆ. ಒಳಗೆ ಹೋದ ಈ ಮಸಿ ಎಲ್ಲಿಗೆ ಹೋಗುತ್ತದೆ?

1813ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಪಿಯರ್ಸನ್, ಶ್ವಾಸಕೋಶದ ಕಪ್ಪು ಕಲೆಗಳು ಉಸಿರಿನೊಂದಿಗೆ ಹೋದ ಮಸಿಯೇ ಎಂದ. ಎಲ್ಲರೂ ನಂಬಲಿಲ್ಲ. ಜರ್ಮನಿಯ ರುಡಾಲ್ಫ್ ವಿರ್ಖೋನಂಥ ಘಟಾನುಘಟಿಯೇ ಅದು ರಕ್ತದಿಂದ ಹುಟ್ಟಿದ ಬಣ್ಣವೆಂದು ವಾದಿಸಿದ. 1860ರಲ್ಲಿ ಬರ್ಲಿನ್ನಿನ ಲುಡ್ವಿಗ್ ಟ್ರೌಬೆ, ಇದ್ದಿಲಿನ ಕೆಲಸಗಾರನೊಬ್ಬನ ಕಫದಲ್ಲಿದ್ದ ಕಪ್ಪು ಕಣಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ, ಮರದ ಜೀವಕೋಶಗಳ ರಂಧ್ರಗಳು ಹಾಗೇ ಕಂಡವು. ರಕ್ತದಲ್ಲಿ ಮರ ಬೆಳೆಯುವುದಿಲ್ಲವಲ್ಲ! ವಿರ್ಖೋ ಕೊನೆಗೆ ಒಪ್ಪಿಕೊಂಡ. ಸೌದೆ ಒಲೆಯ ಮುಂದೆ ಬೆಳೆದ ನನ್ನಂಥವರಿಗೆ ಈ ಸಾಕ್ಷ್ಯ ಕೊಂಚ ಹತ್ತಿರದ್ದೇ.

ಮಸಿ ಒಳಗೆ ಹೋಗುವುದು ಖಚಿತವಾಯಿತು, ಹೊರಬರುವ ದಾರಿ? ದೊಡ್ಡ ಶ್ವಾಸನಾಳಗಳ ಒಳಗೋಡೆಯಲ್ಲಿ ರೋಮದಂಥ ಎಳೆಗಳು ಸೆಕೆಂಡಿಗೆ ಹತ್ತಾರು ಬಾರಿ ಬಡಿಯುತ್ತ, ಧೂಳು ಹಿಡಿದ ಲೋಳೆಯನ್ನು ಗಂಟಲಿಗೆ ದೂಡುತ್ತವೆ. ಬೆಳಗ್ಗೆ ಉಗುಳುವ ಕರಿಕಫ ಅದೇ. ಅಲ್ಲಿ ಬಿದ್ದ ಮಸಿ ಬಹುಪಾಲು ಒಂದು ದಿನದಲ್ಲಿ ಆಚೆ ಬರುತ್ತದೆ. ಆದರೆ ಆಳದ ಗಾಳಿಗೂಡುಗಳಲ್ಲಿ ಈ ಎಳೆಗಳಿಲ್ಲ. ಅಲ್ಲಿ ಕಾವಲಿರುವುದು ಭಕ್ಷಕ ಕೋಶಗಳು. 1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿದಾಗ ಮುತ್ತಿಕೊಂಡವು ಇಂಥ ಕೋಶಗಳೇ. ಆ ಜಾಡು ಹಿಡಿದ ಅವನಿಗೆ 1908ರಲ್ಲಿ ನೊಬೆಲ್ ಬಂತು. ಬ್ಯಾಕ್ಟೀರಿಯಾವನ್ನು ನುಂಗಿ ಅರಗಿಸುವ ಈ ಕೋಶ ಇಂಗಾಲವನ್ನು ನುಂಗುತ್ತದೆ, ಅರಗಿಸಲಾರದು. ಹೊತ್ತುಕೊಂಡು ಮೇಲಕ್ಕೆ ಸಾಗಬೇಕು. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಕೆಲವು ಕಣ ಹತ್ತಿರದ ದುಗ್ಧಗ್ರಂಥಿಗಳಲ್ಲಿ ಆಯುಷ್ಯಪೂರ್ತಿ ಉಳಿಯುತ್ತವೆ. ಪಿಯರ್ಸನ್ ಕಂಡಿದ್ದು ಇದೇ ಉಳಿಕೆಯನ್ನು.

ಡೀಸೆಲ್ ಮಸಿಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನಿಗಿಂತ ಸಣ್ಣವು, ನೇರ ಗಾಳಿಗೂಡಿಗೇ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ಸಾರಿತು. ಒಲೆ ಮುಂದೆ ಮುಖಕ್ಕೆ ಸುತ್ತಿಕೊಳ್ಳುವ ಟವೆಲ್ಲಿಗೆ ಇಷ್ಟು ಸಣ್ಣ ಕಣ ದಕ್ಕುವುದಿಲ್ಲ. ನಿದ್ದೆ ತಡೆಯಲೆಂದು ಸಿಗರೇಟು ಹಚ್ಚಿದರಂತೂ, ಆ ರೋಮದೆಳೆಗಳ ಬಡಿತವೂ ಕುಂದುತ್ತದೆ. ಬ್ಯಾರನ್ನಿನೊಳಗೆ ಹೊಗೆ ತಾಕದೆ ಹೊಂಬಣ್ಣಕ್ಕೆ ತಿರುಗುತ್ತಿರುವ ಎಲೆ ಹೋಗುವುದು ಆ ಸಿಗರೇಟಿಗೇ.