ಮನೆಯೊಳಗಿನ ಎರಡು ಜಿರಲೆಗಳು: ಗುರುತು, ಪ್ರವೇಶಮಾರ್ಗ ಮತ್ತು ನಿಯಂತ್ರಣ

ಇದುವರೆಗೆ ಗುರುತಿಸಲಾದ ನಾಲ್ಕು ಸಾವಿರಕ್ಕೂ ಹೆಚ್ಚು ಜಿರಲೆ ಪ್ರಭೇದಗಳಲ್ಲಿ ಬಹುಪಾಲು ಮನುಷ್ಯನ ಗೊಡವೆಗೆ ಬಾರದೆ ಕಾಡಿನ ತರಗೆಲೆ, ಕೊಳೆತ ಮರಗಳ ನಡುವೆ ಬದುಕುವಂಥವು. ಮನೆಯನ್ನೇ ನೆಲೆ ಮಾಡಿಕೊಂಡವು ಬೆರಳೆಣಿಕೆಯಷ್ಟು. ಕರ್ನಾಟಕದ ಪಟ್ಟಣಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವುದು ಬಚ್ಚಲಿನ ದೊಡ್ಡ ಜಿರಲೆ ಮತ್ತು ಅಡುಗೆಮನೆಯ ಸಣ್ಣ ಜಿರಲೆ. ಸಣ್ಣದನ್ನು ದೊಡ್ಡದರ ಮರಿಯೆಂದು ಭಾವಿಸಿ ಎರಡಕ್ಕೂ ಒಂದೇ ಔಷಧಿ ಸಿಂಪಡಿಸುವ ರೂಢಿ ವ್ಯಾಪಕವಾಗಿದ್ದು, ಮನೆಮಟ್ಟದ ನಿಯಂತ್ರಣ ಪದೇ ಪದೇ ಸೋಲುವುದಕ್ಕೆ ಈ ತಪ್ಪು ಗುರುತೂ ಒಂದು ಕಾರಣವೆನ್ನಬಹುದು.

ಗುರುತಿಸುವಿಕೆಗೆ ಮೊದಲ ಆಧಾರ ರೆಕ್ಕೆ. ಜಿರಲೆಯ ಮರಿಗೆ ರೆಕ್ಕೆಯಿರುವುದಿಲ್ಲವಾದ್ದರಿಂದ, ಒಂದೂವರೆ ಸೆಂಟಿಮೀಟರ್‌ನೊಳಗಿನ ಕೀಟವೊಂದರ ಬೆನ್ನನ್ನು ರೆಕ್ಕೆ ಪೂರ್ತಿ ಮುಚ್ಚಿದ್ದರೆ ಅದು ಬಲಿತ ಬೇರೊಂದು ಪ್ರಭೇದವೆಂದೇ ತಿಳಿಯಬೇಕು. ತಲೆಯನ್ನು ಮೇಲಿನಿಂದ ಮುಚ್ಚುವ ಗುರಾಣಿಯಾಕಾರದ ಕವಚದ ಮೇಲೆ ಎರಡು ಕಪ್ಪು ಪಟ್ಟೆಗಳು ಸಮಾನಾಂತರವಾಗಿದ್ದರೆ ಅದು ಬ್ಲಾಟೆಲ್ಲಾ ಜರ್ಮಾನಿಕಾ, ಅಂದರೆ ಜರ್ಮನ್ ಜಿರಲೆ. ಕವಚದ ಅಂಚು ಹಳದಿಯಾಗಿದ್ದು, ಮೈ ಕೆಂಗಂದು ಬಣ್ಣದ್ದಾಗಿ ನಾಲ್ಕು ಸೆಂಟಿಮೀಟರ್‌ವರೆಗೆ ಬೆಳೆದಿದ್ದರೆ ಅದು ಪೆರಿಪ್ಲಾನೆಟಾ ಅಮೆರಿಕಾನಾ, ಅಂದರೆ ಬಚ್ಚಲಿನ ದೊಡ್ಡ ಜಿರಲೆ. ಮೊದಲನೆಯದಕ್ಕೆ ಜೀವವಿಜ್ಞಾನಿ ಲಿನೇಯಸ್ 1767ರಲ್ಲಿ ಜರ್ಮನಿಯ ಹೆಸರಿಟ್ಟರೂ, 2024ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವೊಂದು ಅದು ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್‌ನ ಜನವಸತಿಗಳಲ್ಲಿ ಏಷ್ಯಾದ ಜಿರಲೆಯೊಂದರಿಂದ ಕವಲೊಡೆದಿರಬೇಕೆಂದು ನಿರೂಪಿಸಿದೆ. ಎರಡನೆಯದರ ಮೂಲ ಆಫ್ರಿಕಾ.

ಸಂತಾನಕ್ರಮದಲ್ಲಿಯೂ ಇವು ಭಿನ್ನವಾಗಿವೆ. ದೊಡ್ಡ ಜಿರಲೆ ಹದಿನೈದರ ಆಸುಪಾಸು ಮೊಟ್ಟೆಗಳಿರುವ ಕಂದು ಮೊಟ್ಟೆಕೋಶವನ್ನು, ಅಂದರೆ ಹುರುಳಿಕಾಳಿಗಿಂತ ತುಸು ದೊಡ್ಡದಾದ ಗಟ್ಟಿ ಕವಚವನ್ನು, ಕಪಾಟಿನ ಮೂಲೆಗೋ ರಟ್ಟಿನ ಪೆಟ್ಟಿಗೆಯ ಮಡಿಕೆಗೋ ಅಂಟಿಸಿ ಹೊರಟುಹೋಗುತ್ತದೆ. ಜರ್ಮನ್ ಜಿರಲೆಯ ಹೆಣ್ಣಾದರೋ ಮೂವತ್ತು ನಲವತ್ತು ಮೊಟ್ಟೆಗಳಿರುವ ಕೋಶವನ್ನು ಮರಿಯೊಡೆಯುವ ಹೊತ್ತಿನವರೆಗೂ ಮೂರು ನಾಲ್ಕು ವಾರ ಹಿಂಬದಿಯಲ್ಲಿ ಹೊತ್ತೇ ತಿರುಗುತ್ತದೆ. ಮರಿಗಳು ಬೆಚ್ಚನೆಯ ವಾತಾವರಣದಲ್ಲಿ ಎರಡು ತಿಂಗಳೊಳಗೆ ಬಲಿಯುತ್ತವೆ. ದಿನಸಿಯ ರಟ್ಟಿನ ಪೆಟ್ಟಿಗೆಯಲ್ಲೋ ಹಳೆಯ ಫ್ರಿಜ್ಜಿನಲ್ಲೋ ಕೋಶ ಹೊತ್ತ ಒಂದೇ ಹೆಣ್ಣು ಒಳಬಂದರೂ ಕೆಲವು ತಿಂಗಳಲ್ಲಿ ಅಡುಗೆಮನೆ ತುಂಬುವುದು ಈ ಕಾರಣದಿಂದ.

ದೊಡ್ಡ ಜಿರಲೆಯದು ಮೂಲತಃ ಚರಂಡಿಯ ವಾಸ. ಬಚ್ಚಲಿನ ನೀರುಕಿಂಡಿಯ ಕೆಳಗಿರುವ ನಹಾನಿ ಟ್ರ್ಯಾಪ್‌ನಲ್ಲಿ ನಿಂತ ನೀರು ಚರಂಡಿಯ ಚೇಂಬರಿನಿಂದ ಬರುವ ವಾಸನೆಯನ್ನೂ ಕೀಟವನ್ನೂ ತಡೆಯುತ್ತದೆ. ಬಳಸದ ಬಚ್ಚಲಿನಲ್ಲಿ ಆ ನೀರು ಆರಿದಾಗ ದಾರಿ ತೆರೆದುಕೊಳ್ಳುತ್ತದೆ. ವಾರಕ್ಕೊಮ್ಮೆ ಒಂದು ಚೊಂಬು ನೀರು ಸುರಿಯುವುದು, ಸಣ್ಣ ಕಣ್ಣಿನ ಜಾಲರಿ ಹಾಕುವುದು, ಸಿಂಕಿನ ಪೈಪು ಗೋಡೆ ಸೇರುವಲ್ಲಿನ ಸಂದನ್ನು ಸಿಮೆಂಟಿನಿಂದ ಮುಚ್ಚುವುದು ಇಲ್ಲಿ ಔಷಧಿಗಿಂತ ಮೇಲು. ಈ ಜಿರಲೆ ಸುಮಾರು ಮೂರು ಮಿಲಿಮೀಟರ್ ಸಂದಿನಲ್ಲೂ ನುಸುಳಬಲ್ಲದೆಂದು ಸಂಶೋಧಕರಾದ ಕೌಶಿಕ್ ಜಯರಾಮ್ ಮತ್ತು ರಾಬರ್ಟ್ ಫುಲ್ 2016ರಲ್ಲಿ ತೋರಿಸಿರುವುದರಿಂದ ಅಲ್ಪಸ್ವಲ್ಪ ಮುಚ್ಚಿದರೆ ಸಾಲದು. ಬಚ್ಚಲಿನ ಕಿಟಕಿಯ ಬಳಿ ಪುಟ್ಟ ಹೊಟ್ಟೆಯನ್ನು ಮೇಲೆ ಕೆಳಗೆ ಆಡಿಸುತ್ತ ಕೂರುವ ಕಪ್ಪು ಕಣಜವನ್ನು ಕಂಡೊಡನೆ ಹೊಡೆಯುವುದುಂಟು. ಇವೇನಿಯಾ ಎಂಬ ಆ ಕಣಜ ಜಿರಲೆಯ ಮೊಟ್ಟೆಕೋಶದೊಳಗೆ ತನ್ನ ಮೊಟ್ಟೆಯಿಟ್ಟು, ಹುಟ್ಟಿದ ಹುಳು ಜಿರಲೆಯ ಮೊಟ್ಟೆಗಳನ್ನೇ ತಿಂದು ಬೆಳೆಯುವುದರಿಂದ, ಅದನ್ನು ಬಿಟ್ಟು ಮೊಟ್ಟೆಕೋಶವನ್ನು ಹುಡುಕುವುದು ವಿವೇಕ.

ಜರ್ಮನ್ ಜಿರಲೆಯ ವಿಷಯದಲ್ಲಿ ಚರಂಡಿ ಮುಚ್ಚಿದ ಮಾತ್ರಕ್ಕೆ ಫಲವಿಲ್ಲ. ಫ್ರಿಜ್ಜಿನ ಕಂಪ್ರೆಸರ್, ಮಿಕ್ಸಿಯ ತಳ, ಕಪಾಟಿನ ಕೀಲುಗಳಂಥ ಬೆಚ್ಚನೆಯ ಸಂದುಗಳಲ್ಲಿ ಅವು ಗುಂಪುಗೂಡುತ್ತವೆ. ಮೆಣಸಿನಪುಡಿಯಷ್ಟು ಸಣ್ಣ ಕಪ್ಪು ಹಿಕ್ಕೆಯ ಚುಕ್ಕೆಗಳೇ ನೆಲೆಯ ಕುರುಹು. ಈ ಹಿಕ್ಕೆ, ಜೊಲ್ಲು ಮತ್ತು ಕಳಚಿದ ಪೊರೆ ಅಲರ್ಜಿಗೂ ಮಕ್ಕಳ ಆಸ್ತಮಾ ಉಲ್ಬಣಕ್ಕೂ ಕಾರಣವಾಗುವುದರಿಂದ ಕೊಂದ ಮೇಲೂ ಒರೆಸಿ ತೊಳೆಯಬೇಕಾಗುತ್ತದೆ. ಆಹಾರವಿದ್ದೂ ನೀರಿಲ್ಲದಿದ್ದರೆ ಎರಡು ವಾರಗಳಾಚೆ ಬದುಕುವುದು ಅವಕ್ಕೆ ಕಷ್ಟವಾದ್ದರಿಂದ, ರಾತ್ರಿ ಸಿಂಕನ್ನು ಒಣಗಿಸಿ ಸೋರುವ ನಲ್ಲಿಯನ್ನು ರಿಪೇರಿ ಮಾಡಿಸುವುದು ಎಂಜಲು ಪಾತ್ರೆ ತೊಳೆದಿಡುವಷ್ಟೇ ಮುಖ್ಯ.

ಅಂಗಡಿಯ ಸ್ಪ್ರೇಗಳಲ್ಲಿ ಸಾಮಾನ್ಯವಾಗಿರುವ ಪೈರೆಥ್ರಾಯ್ಡ್‌ಗಳು, ಅಂದರೆ ಸೇವಂತಿಗೆ ಬಳಗದ ಹೂವಿನ ವಿಷವನ್ನು ಅನುಸರಿಸಿ ತಯಾರಿಸಿದ ರಾಸಾಯನಿಕಗಳು, ಎದುರಿಗಿದ್ದವನ್ನು ಕೊಂದು ಸಂದಿನಲ್ಲಿದ್ದವನ್ನು ಚದುರಿಸುತ್ತವೆ. ಅವುಗಳಿಗೆ ನಿರೋಧಶಕ್ತಿ ಗಳಿಸಿದ ಜಿರಲೆಗಳೂ ಬಹಳ. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೋಣೆ ತುಂಬ ವಿಷ ಹರಡುವ ಫಾಗರ್‌ಗಳು ಜಿರಲೆಯನ್ನು ತಗ್ಗಿಸದೆ ನೆಲದ ಮೇಲೆ ವಿಷದ ಶೇಷವನ್ನಷ್ಟೇ ಉಳಿಸಿದರೆ, ವಿಷ ಬೆರೆಸಿದ ಜೆಲ್ ಆಮಿಷ ಪರಿಣಾಮಕಾರಿಯಾಗಿತ್ತು. ಜೆಲ್ ತಿಂದ ಜಿರಲೆಯ ಹಿಕ್ಕೆಯನ್ನು ಮರಿಗಳು ತಿನ್ನುವುದರಿಂದ ವಿಷ ಗೂಡಿನೊಳಕ್ಕೂ ತಲುಪುತ್ತದೆ. ಆದರೆ ಜೆಲ್ಲಿನ ಮೇಲೆಯೇ ಸ್ಪ್ರೇ ಹೊಡೆದರೆ ಜಿರಲೆ ಅದರ ಹತ್ತಿರ ಸುಳಿಯದು. ಜೆಲ್ಲೂ ಶಾಶ್ವತ ಪರಿಹಾರವಲ್ಲ: ಆಮಿಷದಲ್ಲಿನ ಗ್ಲೂಕೋಸನ್ನು ದೂರವಿಡುವ ಜಿರಲೆಗಳು 1993ರಲ್ಲಿಯೇ ವರದಿಯಾಗಿದ್ದು, ಅವುಗಳಿಗೆ ಗ್ಲೂಕೋಸ್ ಕಹಿಯಾಗಿ ತೋರುತ್ತದೆಂಬುದು 2013ರಲ್ಲಿ ಖಚಿತಪಟ್ಟಿತು.

ಮೊಟ್ಟೆಕೋಶದೊಳಗಿನ ಮರಿಗಳಿಗೆ ಯಾವ ಆಮಿಷವೂ ತಾಗದಾದ್ದರಿಂದ ಜೆಲ್ ಹಚ್ಚಿದ ನಾಲ್ಕು ವಾರಗಳ ತರುವಾಯ ಫ್ರಿಜ್ಜಿನ ಕೆಳಗೂ ಕಪಾಟಿನ ಮೂಲೆಗಳಲ್ಲೂ ಅಂಟುಬಲೆಯಿಟ್ಟು ಮರುಪರಿಶೀಲಿಸುವುದು ಅಗತ್ಯ. ಎಳೆಮರಿಗಳು ಗೂಡಿನಿಂದ ದೂರ ಹೋಗುವುದಿಲ್ಲ. ಯಾವ ಬಲೆಗೆ ಅವು ಹೆಚ್ಚಾಗಿ ಬಿದ್ದಿವೆಯೋ ಅದರ ಆಸುಪಾಸಿನ ಸಂದಿಗೆ ಹೊಸ ಜೆಲ್ ಹಚ್ಚಬೇಕು.