ಜೊಂಡಿನ ಜೌಗಿನಲ್ಲಿ ಸಿಕ್ಕ ರಣರಂಗ

1485ರ ಆಗಸ್ಟ್ 22ರಂದು ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ದೊರೆ ಮೂರನೇ ರಿಚರ್ಡ್ ಕಾದಾಡುತ್ತಲೇ ಸತ್ತ. ಹೆನ್ರಿ ಟ್ಯೂಡರ್ ಪಟ್ಟವೇರಿದ. ಬಾಸ್‌ವರ್ತ್ ಕದನವೆಂದು ಹೆಸರಾದ ಈ ಕಾಳಗದ ಕಥೆ ಆ ದೇಶದ ಶಾಲಾಮಕ್ಕಳಿಗೂ ಗೊತ್ತು. ಆದರೆ ಅದು ನಡೆದ ನೆಲ ಯಾವುದೆಂಬುದು 2009ರವರೆಗೂ ಖಚಿತವಾಗಿರಲಿಲ್ಲ. ಅದನ್ನು ಹುಡುಕಿಕೊಟ್ಟದ್ದು ಹಳೆಯ ದಾಖಲೆ, ನಕ್ಷೆ ಮತ್ತು ಮೆಟಲ್ ಡಿಟೆಕ್ಟರ್. ಈ ಮೂರರಲ್ಲಿ ಯಾವುದರಿಂದಲೂ ಒಂಟಿಯಾಗಿ ಆ ಕೆಲಸ ಮಾಡಲಾಗುತ್ತಿರಲಿಲ್ಲ.

ಹಾಗೆಂದು ಜನ ಜಾಗ ಗುರುತಿಸದೆ ಸುಮ್ಮನಿರಲಿಲ್ಲ. 1577ರಲ್ಲಿ ಪ್ರಕಟವಾದ ಹಾಲಿನ್‌ಷೆಡ್‌ನ ಚರಿತ್ರೆ ಆಂಬಿಯನ್ ಎಂಬ ಗುಡ್ಡದ ಹೆಸರು ಹೇಳಿತ್ತು. 1788ರಲ್ಲಿ ವಿಲಿಯಂ ಹಟನ್ ಬರೆದ ಪುಸ್ತಕ ಕದನವನ್ನು ಅದೇ ಗುಡ್ಡದ ಮೇಲೆ ನಿಲ್ಲಿಸಿತು. ಬ್ರಿಟನ್ನಿನ ಸರ್ವೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆ ತನ್ನ ನಕ್ಷೆಗಳಲ್ಲಿ ರಣರಂಗಗಳಿಗೆ ಅಡ್ಡಡ್ಡ ಇಟ್ಟ ಎರಡು ಕತ್ತಿಗಳ ಗುರುತು ಹಾಕುತ್ತದೆ. ಬಾಸ್‌ವರ್ತ್‌ನ ಕತ್ತಿಗಳೂ ಅಲ್ಲೇ ಕೂತವು. 1974ರಲ್ಲಿ ಗುಡ್ಡದ ಮೇಲೆ ಪ್ರವಾಸಿಗರಿಗಾಗಿ ಮಾಹಿತಿ ಕೇಂದ್ರವೂ ತೆರೆಯಿತು.

ನಕ್ಷೆಯನ್ನು ಅಷ್ಟು ನಂಬಲು ಕಾರಣವಿತ್ತು. ಹಳೆಯ ವಸ್ತುಗಳನ್ನು ಹುಡುಕಿಕೊಂಡು ಡಿಟೆಕ್ಟರ್ ಹಿಡಿದು ಹೊಲ ಸುತ್ತುವ ಇಂಗ್ಲೆಂಡಿನ ಹವ್ಯಾಸಿಗಳು ಮನೆ ಬಿಡುವ ಮುಂಚೆ ಬಿಚ್ಚುವುದೇ ಹಳೆಯ ನಕ್ಷೆಯನ್ನು. 1836ರ ಕಾನೂನಿನಂತೆ, ಚರ್ಚಿಗೆ ಧಾನ್ಯದ ರೂಪದಲ್ಲಿ ಸಲ್ಲುತ್ತಿದ್ದ ಹತ್ತನೇ ಒಂದು ಪಾಲನ್ನು ಹಣದ ಕಂದಾಯವಾಗಿ ಬದಲಿಸಲು ಸಾವಿರಾರು ಹಳ್ಳಿಗಳ ಅಳತೆ ನಡೆಯಿತು. ಆಗ ತಯಾರಾದ ಟೈಥ್ ನಕ್ಷೆಗಳ ಜತೆ ಪ್ರತಿ ಹೊಲದ ಒಡೆಯ, ಗೇಣಿದಾರ, ವಿಸ್ತೀರ್ಣ, ನೆಲದ ಬಳಕೆಯ ಪಟ್ಟಿ ಇರುತ್ತದೆ. ಹೊಲದ ಹೆಸರೂ ಬಹುಮಟ್ಟಿಗೆ ಸಿಗುತ್ತದೆ. ಜಾತ್ರೆ ಸೇರುತ್ತಿದ್ದ ಬಯಲು, ಗಲ್ಲುಮರವಿದ್ದ ದಿಬ್ಬ, ದೋಣಿ ದಾಟುತ್ತಿದ್ದ ಕಡವು ಎಷ್ಟೋ ಕಡೆ ಆ ಹೆಸರುಗಳಲ್ಲೇ ಉಳಿದಿವೆ.

ಹತ್ತೊಂಬತ್ತನೇ ಶತಮಾನದ ನಡುವಿನಿಂದ ಬಂದ ಆರ್ಡ್‌ನೆನ್ಸ್ ಸರ್ವೆಯ ದೊಡ್ಡ ಅಳತೆಯ ಹಾಳೆಗಳು ಇನ್ನೂ ಸೂಕ್ಷ್ಮ. ಒಂದು ಮೈಲಿಗೆ 25 ಅಂಗುಲದ ಲೆಕ್ಕದಲ್ಲಿ ಬರೆದ ಆ ಹಾಳೆಗಳಲ್ಲಿ ಬಾವಿ, ಕಾಲುದಾರಿ, ಬೇಲಿ ದಾಟುವ ಮೆಟ್ಟಿಲುಗಳೂ ಕಾಣುತ್ತವೆ. ಜನ ಬಗ್ಗಿದಲ್ಲಿ, ಹತ್ತಿ ಇಳಿದಲ್ಲಿ, ದಣಿದು ಕೂತಲ್ಲಿ, ಕೊಟ್ಟು ತೆಗೆದುಕೊಂಡಲ್ಲಿ ನಾಣ್ಯವೋ ಗುಂಡಿಯೋ ಬಿದ್ದಿರುತ್ತದೆ. ಹಾಗಾಗಿ ಈಗ ಉತ್ತು ಸಪಾಟಾದ ಹೊಲದ ನಡುವೆ ಒಂದು ಕಾಲದಲ್ಲಿ ದಾರಿಯಿತ್ತು ಎಂದು ತಿಳಿದರೆ ಹುಡುಕಾಟ ಅಲ್ಲಿಂದಲೇ ಶುರು. ನಮ್ಮ ಕಂದಾಯ ದಾಖಲೆಗಳಲ್ಲಿ ಬೇಚರಾಕ್ ಗ್ರಾಮಗಳು ಹೆಸರಾಗಿ ಉಳಿದಿರುವಂತೆ, ಇಂಗ್ಲೆಂಡಿನಲ್ಲೂ ಜನರಿಲ್ಲದೆ ಹಾಳಾದ ಮಧ್ಯಯುಗದ ಹಳ್ಳಿಗಳು ಹೊಲದ ಹೆಸರಿನಲ್ಲಿ, ಬಳಸಿ ಹೋಗುವ ಗಡಿಗೆರೆಯಲ್ಲಿ ಸುಳಿವು ಬಿಟ್ಟಿವೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಈ ಹಳೆಯ ಹಾಳೆಗಳನ್ನು ಇಂದಿನ ಉಪಗ್ರಹ ಚಿತ್ರದ ಪಕ್ಕದಲ್ಲೇ ಇಟ್ಟು ನೋಡುವ ಅನುಕೂಲವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕಲ್ಪಿಸಿದೆ.

ಆದರೆ ಸರ್ವೆಯವರು ತಮ್ಮ ಕಣ್ಣೆದುರಿಗಿದ್ದ ಬೇಲಿಯನ್ನು ಸರಪಳಿ ಹಿಡಿದು ಅಳೆದರು. ಮುನ್ನೂರಕ್ಕೂ ಹೆಚ್ಚು ವರ್ಷ ಹಿಂದಿನ ಕದನವನ್ನು ಕೇಳಿ ಬರೆದುಕೊಂಡರು. ಒಂದೇ ಹಾಳೆಯ ಮೇಲೆ ಎರಡೂ ಒಂದೇ ಮಸಿಯಲ್ಲಿ ಮೂಡಿದಾಗ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆಂಬಿಯನ್ ಗುಡ್ಡದ ಕತ್ತಿಗಳ ವಿಷಯದಲ್ಲಿ ಆದದ್ದು ಇದೇ.

ಹಳೆಯ ಕಾಗದಗಳು ಬೇರೆಯೇ ಮಾತು ಹೇಳುತ್ತಿದ್ದವು. ಕದನದ ಮರುದಿನವೇ ಯಾರ್ಕ್ ನಗರಾಡಳಿತದ ಕಡತದಲ್ಲಿ ರೆಡ್‌ಮೋರ್ ಎಂಬ ಸ್ಥಳದ ಹೆಸರು ದಾಖಲಾಗಿತ್ತು. ಅದರ ಅರ್ಥ ಜೊಂಡು ಬೆಳೆಯುವ ಜೌಗು. ಸತ್ತವರ ಆತ್ಮಶಾಂತಿಗಾಗಿ ಎಂಟನೇ ಹೆನ್ರಿ 1511ರಲ್ಲಿ ನೀಡಿದ ಪರವಾನಗಿ ಡ್ಯಾಡ್ಲಿಂಗ್ಟನ್ ಹಳ್ಳಿಯ ಪ್ರಾರ್ಥನಾಮಂದಿರಕ್ಕೆ ಸಂಬಂಧಿಸಿದ್ದು. ಹೆನ್ರಿ ಟ್ಯೂಡರ್‌ನ ಸೇನೆ ಒಂದು ಜೌಗನ್ನು ತನ್ನ ಬಲಕ್ಕೆ ಇಟ್ಟುಕೊಂಡು ಮುನ್ನಡೆಯಿತೆಂದು ಇತಿಹಾಸಕಾರ ಪಾಲಿಡೋರ್ ವರ್ಜಿಲ್ ಬರೆದಿದ್ದ. ಪೀಟರ್ ಫಾಸ್ ಎಂಬ ಸಂಶೋಧಕರು ರೆಡ್‌ಮೋರ್ ಹೆಸರನ್ನು ಹದಿಮೂರನೇ ಶತಮಾನದ ಭೂಮಿಪತ್ರದವರೆಗೆ ಹಿಂಬಾಲಿಸಿ, ಅದು ಡ್ಯಾಡ್ಲಿಂಗ್ಟನ್ ಹೊಲಗಳ ಭಾಗವೆಂದು ತೋರಿಸಿದರು. ಗುಡ್ಡದ ಮೇಲೆ ಹುಡುಕುತ್ತಿದ್ದ ಕಣ್ಣುಗಳು ತಗ್ಗಿನ ಕಡೆ ತಿರುಗಿದವು.

2005ರಲ್ಲಿ ಪುರಾತತ್ವಜ್ಞ ಗ್ಲೆನ್ ಫೋರ್ಡ್ ಅವರ ನೇತೃತ್ವದಲ್ಲಿ ವ್ಯವಸ್ಥಿತ ಸರ್ವೆ ಆರಂಭವಾಯಿತು. ಮೊದಲು ನೆಲದ ಚರಿತ್ರೆಯನ್ನು ಓದಲಾಯಿತು: ಯಾವ ಹೊಲ ಯಾವಾಗ ಬೇಲಿ ಕಂಡಿತು, ಎಲ್ಲಿ ಉಳುಮೆಯಿತ್ತು, ಎಲ್ಲಿ ಹುಲ್ಲುಗಾವಲು, ಎಲ್ಲಿ ನೀರು ನಿಲ್ಲುತ್ತಿತ್ತು. ಮಣ್ಣು ಮತ್ತು ಪರಾಗದ ಪರೀಕ್ಷೆ ಹಳೆಯ ಜೌಗುಗಳ ವಯಸ್ಸು ಹೇಳಿತು. ಆಮೇಲೆ ಡಿಟೆಕ್ಟರ್ ಹಿಡಿದವರು ಹೊಲಗಳಲ್ಲಿ ಸಾಲು ಹಿಡಿದು ನಡೆದರು. ಸಿಕ್ಕ ವಸ್ತುಗಳ ಜಾಗವನ್ನು ಜಿಪಿಎಸ್‌ನಿಂದ ಗುರುತಿಸಿದರು. ಸುಮಾರು ಏಳು ಚದರ ಕಿಲೋಮೀಟರ್ ಜಾಲಾಡಿದರೂ ವರ್ಷಗಟ್ಟಲೆ ಕದನದ ಕುರುಹೇ ಇಲ್ಲ.

2009ರ ಮಾರ್ಚ್‌ನಲ್ಲಿ ಒಂದು ಸೀಸದ ಗುಂಡು ಸಿಕ್ಕಿತು. ಜಾಗ ಆಂಬಿಯನ್ ಗುಡ್ಡದಿಂದ ನೈಋತ್ಯಕ್ಕೆ ಸುಮಾರು ಮೂರು ಕಿಲೋಮೀಟರ್ ದೂರ, ಫೆನ್ ಲೇನ್ ಎಂಬ ರೋಮನ್ ಕಾಲದ ರಸ್ತೆಯ ಬಳಿ. ಒಂದರ ಹಿಂದೆ ಒಂದರಂತೆ 30ಕ್ಕೂ ಹೆಚ್ಚು ಗುಂಡು ಬಂದವು. ಯುರೋಪಿನ ಮಧ್ಯಯುಗದ ಬೇರಾವ ರಣರಂಗದಲ್ಲೂ ಅಲ್ಲಿಯವರೆಗೆ ಅಷ್ಟು ಸಿಕ್ಕಿರಲಿಲ್ಲ. ಬಿಲ್ಲುಗಾರರ ಕಾಳಗವೆಂದುಕೊಂಡಿದ್ದ ಬಾಸ್‌ವರ್ತ್‌ನಲ್ಲಿ ಫಿರಂಗಿಗಳ ಅಬ್ಬರ ಎಷ್ಟಿತ್ತೆಂಬುದು ಆಗ ಗೊತ್ತಾಯಿತು. ಹಳೆಯ ಜೌಗಿನ ಅಂಚಿನಲ್ಲಿ ಚಿನ್ನದ ನೀರು ಹಾಯಿಸಿದ ಪುಟ್ಟ ಬೆಳ್ಳಿಯ ಕಾಡುಹಂದಿ ಸಿಕ್ಕಿತು. ಬಿಳಿ ಹಂದಿ ರಿಚರ್ಡ್‌ನ ಲಾಂಛನ. ಅಂಥ ಬೆಳ್ಳಿಯ ಬಿಲ್ಲೆ ಧರಿಸುವವನು ದೊರೆಯ ಆಪ್ತ ವಲಯದ ಸರದಾರನೇ ಆಗಿರಬೇಕು.

ಅದೇ ಹಂದಿಯನ್ನು ಯಾರೋ ರಾತ್ರಿ ಕದ್ದು ಅಗೆದು ಮಾರಿಬಿಟ್ಟಿದ್ದರೆ ಅದು ಸಂಗ್ರಹಕಾರನ ಕಪಾಟಿನ ಒಂದು ಚೆಂದದ ಒಡವೆಯಷ್ಟೇ ಆಗುತ್ತಿತ್ತು. ಅದಕ್ಕೆ ಬೆಲೆ ಬಂದದ್ದು ಸಿಕ್ಕ ಜಾಗದಿಂದ. ಇಂಗ್ಲೆಂಡಿನಲ್ಲಿ ಡಿಟೆಕ್ಟರ್ ಹಿಡಿದು ಹುಡುಕಲು ಜಮೀನಿನ ಒಡೆಯರ ಒಪ್ಪಿಗೆ ಬೇಕೇ ಬೇಕು; ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಡಿಟೆಕ್ಟರ್ ಬಳಸುವುದು ಅಪರಾಧ; 1996ರ ಕಾನೂನಿನಂತೆ ನಿಧಿ ಸಿಕ್ಕರೆ 14 ದಿನಗಳೊಳಗೆ ತಿಳಿಸಬೇಕು. ಸಾಮಾನ್ಯ ವಸ್ತುಗಳನ್ನೂ ದಾಖಲಿಸಲು 1997ರಲ್ಲಿ ಆರಂಭವಾದ ಯೋಜನೆಯಲ್ಲಿ 15 ಲಕ್ಷಕ್ಕೂ ಹೆಚ್ಚು ವಸ್ತುಗಳ ವಿವರ ಸೇರಿದೆ.

ಬಾಸ್‌ವರ್ತ್ ರಣರಂಗದ ಅಧಿಕೃತ ಗಡಿಯನ್ನು 2013ರಲ್ಲಿ ಹೊಸ ಸಾಕ್ಷ್ಯಕ್ಕೆ ತಕ್ಕಂತೆ ತಿದ್ದಲಾಯಿತು. ಐದು ವರ್ಷಗಳ ನಂತರ ಆ ಗೆರೆಯೇ ವಾಗ್ವಾದದ ನಡುವೆ ಬಂತು. ಗಡಿಯೊಳಗಿನ ಪಶ್ಚಿಮದ ಅಂಚಿನಲ್ಲಿ ವಾಹನ ಪರೀಕ್ಷಾ ಟ್ರ್ಯಾಕ್ ಕಟ್ಟುವ ಪ್ರಸ್ತಾವವನ್ನು ಇತಿಹಾಸಪ್ರಿಯರು ಬಲವಾಗಿ ವಿರೋಧಿಸಿದರು. ಸ್ಥಳೀಯ ಕೌನ್ಸಿಲ್ 2018ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು.