ಬೇಕಂತಲೇ ಅಡ್ಡ ಬಂದಳಾ? ಸಾಫ್ಟ್‌ಬಾಲಿನ ಒಂದು ಹಳೇ ಜಗಳ

ಈ ಸಲದ ಮಾತು ಹುಟ್ಟಿದ್ದು ನಮ್ಮ ಸೊಸೈಟಿಯ ಲಿಫ್ಟ್ ಮುಂದೆ. ಪುಣೆಯಲ್ಲಿರೋರಿಗೆ ಗೊತ್ತಿರುತ್ತೆ, ಇಲ್ಲಿ ಎಷ್ಟೋ ಶಾಲೆಗಳಲ್ಲಿ ಸಾಫ್ಟ್‌ಬಾಲ್ ಆಡಿಸ್ತಾರೆ. ಕ್ರಿಕೆಟ್ ಬಿಟ್ಟು ಬೇರೆ ಬ್ಯಾಟನ್ನೇ ಮುಟ್ಟದೆ ಬೆಳೆದ ನನಗೆ ಮೊದಮೊದಲು ಇದೇ ಒಂದು ಆಶ್ಚರ್ಯ. ಮೂರನೇ ಮಹಡಿಯಲ್ಲಿ ಧಾರವಾಡದವರ ಮನೆ ಇದೆ, ಅವರ ಮಗಳು ಶಾಲೆಯ ಟೀಮಿನಲ್ಲಿ ಕ್ಯಾಚರ್. ಕ್ಯಾಚರ್ ಅಂದ್ರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ, ಬ್ಯಾಟರ್ ಹಿಂದೆ ಕೂತಿರೋಳು. ಅವತ್ತು ಒಂದು ರನ್ನಿನಿಂದ ಸೋತು ಬಂದಿದ್ದಳು.

"ಕಾಕಾ, ನಾ ಮೂರನೇ ಬೇಸಿಗೆ ಬಾಲ್ ಒಗೀಬೇಕಿತ್ತು. ಆಕಿ ಬ್ಯಾಟ್ ಹಿಡ್ಕೊಂಡು ನನ್ನ ಮುಂದನ ಬಂದು ನಿಂತ್ಳು. ಅಂಪೈರ್ ಸರ್ ಏನಂದ್ರು ಗೊತ್ತೈತೇನ್ರಿ? ಆಕಿ ಬೇಕಂತ ಮಾಡಿಲ್ಲ, ಅದಕ್ಕ ಔಟ್ ಇಲ್ಲ ಅಂದ್ರು. ಖರೇನ ಹಂಗ ಐತೇನು ರೂಲು?"

ನನಗೆ ಗೊತ್ತಿರಲಿಲ್ಲ. ರಾತ್ರಿ ಕೂತು ಓದಿದೆ. ಓದ್ತಾ ಓದ್ತಾ 1845ಕ್ಕೆ ಹೋಗಿ ತಲುಪಿದೆ.

ಮೊದಲು ಅವಳ ಪ್ರಶ್ನೆಗೆ ಉತ್ತರ ಹೇಳಿಬಿಡ್ತೀನಿ. ಸಾಫ್ಟ್‌ಬಾಲಿನಲ್ಲಿ ಬ್ಯಾಟರ್ ನಿಲ್ಲೋಕೆ ಸುಣ್ಣದ ಗೆರೆ ಎಳೆದ ಒಂದು ಜಾಗ ಇರುತ್ತೆ, 3 ಅಡಿ ಅಗಲ, 7 ಅಡಿ ಉದ್ದ. ಬ್ಯಾಟರ್ಸ್ ಬಾಕ್ಸ್ ಅಂತಾರೆ. ಬ್ಯಾಟರ್ ಆ ಬಾಕ್ಸಿನ ಒಳಗಿದ್ದಾಗ, ಕ್ಯಾಚರಿಗೆ ಬೇಕಂತಲೇ ಅಡ್ಡಿ ಮಾಡಿದರೆ ಮಾತ್ರ ತಪ್ಪು. ಆದರೆ ಬಾಕ್ಸಿನಿಂದ ಆಚೆ ಕಾಲಿಟ್ಟು ಕ್ಯಾಚರ್ ಹಿಡಿಯೋದಕ್ಕೋ ಎಸೆಯೋದಕ್ಕೋ ಅಡ್ಡಿಯಾದರೆ, ಅಲ್ಲಿ ಮನಸ್ಸಿನಲ್ಲಿ ಏನಿತ್ತು ಅನ್ನೋ ಪ್ರಶ್ನೆಯೇ ಬರಲ್ಲ. ಬಾಲ್ ಡೆಡ್, ಬ್ಯಾಟರ್ ಔಟ್, ಓಡ್ತಿದ್ದವರು ಪಿಚ್ ಆದಾಗ ಇದ್ದ ಬೇಸಿಗೆ ವಾಪಸ್. ಬಲಗೈ ಬ್ಯಾಟರ್ ನಿಲ್ಲೋದೇ ಮೂರನೇ ಬೇಸಿನ ಕಡೆ, ಹಾಗಾಗಿ ಅಲ್ಲಿಗೆ ಎಸೆಯುವಾಗ ಅವಳು ಕ್ಯಾಚರಿನ ದಾರಿಯಲ್ಲೇ ಇರ್ತಾಳೆ. ಒಳಗೆ ಸುಮ್ಮನೆ ನಿಂತಿದ್ದರೆ ಕ್ಯಾಚರೇ ಸುತ್ತಿ ಬಂದು ಎಸೀಬೇಕು. ಆಚೆ ಬಂದಳೋ, ಹೊಣೆ ಅವಳದ್ದು.

ಅಂದ್ರೆ ನಮ್ಮ ಹುಡುಗಿ ಹೇಳಿದ ಹಾಗೇ ನಡೆದಿದ್ದರೆ ಅದು ಔಟ್. ಅಂಪೈರ್ ಒಳಗಿನ ನಿಯಮವನ್ನ ಹೊರಗಿನ ಘಟನೆಗೆ ಹಾಕಿದ್ದಾರೆ. ಅವರನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಯಾಕಂದ್ರೆ ಇದೇ ಗೊಂದಲ ಇಡೀ ಅಮೆರಿಕ ಟಿವಿಯಲ್ಲಿ ನೋಡ್ತಿದ್ದಾಗಲೂ ಆಗಿದೆ.

ಈ ಜಗಳ ಬೇಸ್‌ಬಾಲಿನಿಂದ ಸಾಫ್ಟ್‌ಬಾಲಿಗೆ ಬಂದ ಪಿತ್ರಾರ್ಜಿತ ಆಸ್ತಿ. 1845ರಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬಿನವರು ನಿಯಮ ಬರೆದಿಟ್ಟಾಗಲೇ ಅಡ್ಡಿಯ ಮಾತು ಅದರಲ್ಲಿತ್ತು: ಓಡುವವನು ಬೇಸ್ ಮುಟ್ಟೋ ಮುಂಚೆ ಎದುರಾಳಿಗೆ ಬಾಲ್ ಸಿಗದ ಹಾಗೆ ತಡೆದರೆ ಔಟ್. ಬೇಕಂತ ಮಾಡಿದನಾ ಅಂತ ಅದು ಕೇಳೋದಿಲ್ಲ. 1860ರ ಹೊತ್ತಿನ ನಿಯಮದಲ್ಲಿ "ಉದ್ದೇಶಪೂರ್ವಕವಾಗಿ" ಅನ್ನೋ ಪದ ಬಂದು ಕೂತಿದೆ. ಒಂದೇ ಪದ, ಆದರೆ ಅಂಪೈರ್ ಕೆಲಸವೇ ಬದಲಾಯಿತು. ಕಣ್ಣಿಗೆ ಕಂಡದ್ದನ್ನ ಹೇಳ್ತಿದ್ದವನು ಈಗ ಮನಸ್ಸಿನೊಳಗೆ ಇಣುಕಬೇಕು. ಆಮೇಲೆ ಆ ಪದ ಕೆಲವು ನಿಯಮಗಳಲ್ಲಿ ಉಳೀತು, ಕೆಲವುಗಳಲ್ಲಿ ಹೋಯಿತು.

ಸಾಫ್ಟ್‌ಬಾಲ್ ಹುಟ್ಟಿದ್ದು ತಮಾಷೆಗೆ. 1887ರ ಥ್ಯಾಂಕ್ಸ್‌ಗಿವಿಂಗ್ ದಿನ, ಶಿಕಾಗೋದ ಫ್ಯಾರಗಟ್ ಬೋಟ್ ಕ್ಲಬ್ಬಿನಲ್ಲಿ ಹುಡುಗರು ಯೇಲ್-ಹಾರ್ವರ್ಡ್ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕೆ ಕಾಯ್ತಿದ್ದರು. ಗೆದ್ದ ಖುಷಿಯಲ್ಲಿ ಒಬ್ಬ ಬಾಕ್ಸಿಂಗ್ ಗ್ಲೌಸ್ ಎಸೆದ, ಇನ್ನೊಬ್ಬ ಕೋಲಲ್ಲಿ ಹೊಡೆದ. ಜಾರ್ಜ್ ಹ್ಯಾನ್‌ಕಾಕ್ ಅನ್ನೋರು ಅದನ್ನೇ ಒಂದು ಒಳಾಂಗಣ ಆಟ ಮಾಡಿದರು. ಸಾಫ್ಟ್‌ಬಾಲ್ ಅನ್ನೋ ಹೆಸರು ಬಂದಿದ್ದು 1926ರಲ್ಲಿ. ನಮಗೆ ಮುಖ್ಯವಾಗಿದ್ದು ಅಳತೆ. ಬೇಸ್‌ಬಾಲಿನಲ್ಲಿ ಒಂದು ಬೇಸಿನಿಂದ ಇನ್ನೊಂದಕ್ಕೆ 90 ಅಡಿ, ಸಾಫ್ಟ್‌ಬಾಲಿನಲ್ಲಿ 60. ಜಾಗ ಕಮ್ಮಿ, ಟೈಮೂ ಕಮ್ಮಿ. ಬಾಲನ್ನ ಮೆಲ್ಲಗೆ ತಟ್ಟಿ ಓಡೋದು, ಅಂದ್ರೆ ಬಂಟ್, ಇಲ್ಲಿ ದೊಡ್ಡ ಅಸ್ತ್ರ. ಬಂಟ್ ಆದಾಗೆಲ್ಲ ಒಂದೇ ಕಡೆ ಇಬ್ಬರು ಹೊರಡ್ತಾರೆ: ಓಡೋಕೆ ಬ್ಯಾಟರ್, ಬಾಲ್ ಎತ್ತೋಕೆ ಕ್ಯಾಚರ್.

ಈಗ ಆ ಟಿವಿ ಕಥೆಗೆ ಬರೋಣ. ಅದು ಬೇಸ್‌ಬಾಲಿನದ್ದು, ಆದರೆ ಪ್ರಶ್ನೆ ಅದೇ.

1975ರ ಅಕ್ಟೋಬರ್ 14. ಸಿನ್ಸಿನಾಟಿ ರೆಡ್ಸ್ ಮತ್ತು ಬೋಸ್ಟನ್ ರೆಡ್ ಸಾಕ್ಸ್, ವರ್ಲ್ಡ್ ಸೀರೀಸಿನ ಮೂರನೇ ಪಂದ್ಯ. ಸರಣಿ 1-1, ಪಂದ್ಯದ ಸ್ಕೋರ್ 5-5, ಹತ್ತನೇ ಇನ್ನಿಂಗ್ಸ್. ಮೊದಲ ಬೇಸಿನಲ್ಲಿ ಸಿನ್ಸಿನಾಟಿಯ ಸೀಸರ್ ಜೆರೋನಿಮೋ. ಬ್ಯಾಟಿಂಗಿಗೆ ಬಂದಿದ್ದು ಎಡ್ ಆರ್ಮ್‌ಬ್ರಿಸ್ಟರ್, ಬಹಾಮಾಸ್ ದ್ವೀಪದವರು, ಬದಲಿ ಆಟಗಾರ. ಬಂಟ್ ಮಾಡಿದರು. ಬಾಲ್ ಹೋಮ್ ಪ್ಲೇಟಿನ ಮುಂದೆಯೇ ನೆಲಕ್ಕೆ ಬಡಿದು ಎತ್ತರಕ್ಕೆ ಪುಟಿಯಿತು. ಆರ್ಮ್‌ಬ್ರಿಸ್ಟರ್ ಹೆಜ್ಜೆ ಇಟ್ಟು ಒಂದು ಗಳಿಗೆ ತಡೆದರು. ಹಿಂದಿನಿಂದ ನುಗ್ಗಿದ ಬೋಸ್ಟನ್ ಕ್ಯಾಚರ್ ಕಾರ್ಲ್ಟನ್ ಫಿಸ್ಕ್ ಅವರಿಗೆ ಡಿಕ್ಕಿ ಹೊಡೆದರು. ಆದರೂ ಫಿಸ್ಕ್ ಬಾಲ್ ಹಿಡಿದು ಎರಡನೇ ಬೇಸಿಗೆ ಎಸೆದರು. ಎಸೆತ ಮೇಲೆ ಹೋಗಿ ಸೆಂಟರ್ ಫೀಲ್ಡಿಗೆ ಹಾರಿತು. ಜೆರೋನಿಮೋ ಮೂರನೇ ಬೇಸ್, ಆರ್ಮ್‌ಬ್ರಿಸ್ಟರ್ ಎರಡನೇ ಬೇಸ್. ಅಂಪೈರ್ ಲ್ಯಾರಿ ಬಾರ್ನೆಟ್ ಏನೂ ಕೊಡಲಿಲ್ಲ. ಬೋಸ್ಟನ್ ಮ್ಯಾನೇಜರ್ ಡ್ಯಾರೆಲ್ ಜಾನ್ಸನ್ ಎಷ್ಟು ವಾದ ಮಾಡಿದರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಜೋ ಮಾರ್ಗನ್ ಹೊಡೆದ ಒಂದು ಹಿಟ್ಟಿಗೆ ಸಿನ್ಸಿನಾಟಿ 6-5ರಿಂದ ಗೆದ್ದಿತು.

ಬೇಕಂತ ಮಾಡಿದ್ದಲ್ಲ, ಬರೀ ಡಿಕ್ಕಿ ಅಂತ ಬಾರ್ನೆಟ್ ವಾದ. ಎನ್‌ಬಿಸಿಯ ವೀಕ್ಷಕ ವಿವರಣೆಗಾರ ಟೋನಿ ಕುಬೆಕ್, ಮಾಜಿ ಆಟಗಾರ, ಇದು ಅಡ್ಡಿಯೇ ಅಂತ ಟಿವಿಯಲ್ಲಿ ಹೇಳಿದರು. ಅವರ ಕಡೆಗೂ ಬಲ ಇತ್ತು. ಹೊಡೆದ ಬಾಲನ್ನ ಎತ್ತೋಕೆ ಬರೋ ಫೀಲ್ಡರಿಗೆ ಓಡುವವನು ದಾರಿ ಬಿಡಬೇಕು ಅಂತ ನಿಯಮ ಪುಸ್ತಕ ಹೇಳ್ತಿತ್ತು, ಅದರಲ್ಲಿ ಉದ್ದೇಶದ ಮಾತಿಲ್ಲ. ಪುಸ್ತಕ ತೆರೆದು ನೋಡಿದ ಪ್ರತಿಯೊಬ್ಬ ಬೋಸ್ಟನ್ ಅಭಿಮಾನಿಗೂ ಬಾರ್ನೆಟ್ ಮೋಸ ಮಾಡಿದ ಹಾಗೆ ಕಂಡರೆ ತಪ್ಪೇನು? ಬಾರ್ನೆಟ್‌ಗೆ ಕೊಲೆ ಬೆದರಿಕೆ ಬಂತು. ಹೀಗಾಗಲು ಕುಬೆಕ್ ಮಾತೇ ಕಾರಣ ಅಂತ ಬಾರ್ನೆಟ್ ನೊಂದುಕೊಂಡರು. ಸಿನ್ಸಿನಾಟಿ ಆ ಸರಣಿಯನ್ನ 4-3ರಿಂದ ಗೆದ್ದಿತು. 1918ರಿಂದ ಕಾಯ್ತಿದ್ದ ಬೋಸ್ಟನ್ನಿನವರು 2004ರ ತನಕ ಕಾದರು.

ಆಮೇಲೆ ಗೊತ್ತಾದ ವಿಷಯ ನೋಡಿ. ಅಂಪೈರುಗಳಿಗೆ ಅಂತಲೇ ಬೇರೆ ಒಂದು ಸೂಚನೆ ಇತ್ತು: ಮೊದಲ ಬೇಸಿಗೆ ಹೊರಟ ಬ್ಯಾಟರಿಗೂ ಬಾಲ್ ಎತ್ತೋಕೆ ಹೊರಟ ಕ್ಯಾಚರಿಗೂ ತಾಗಿದರೆ, ಸಾಮಾನ್ಯವಾಗಿ ಯಾರದ್ದೂ ತಪ್ಪಲ್ಲ, ಏನೂ ಕೊಡಬೇಡಿ. ಇಬ್ಬರೂ ತಮ್ಮ ತಮ್ಮ ಕೆಲಸ ಮಾಡ್ತಿದ್ದಾರೆ ಅನ್ನೋದು ಅದರ ತರ್ಕ, ಮತ್ತು ಒಳ್ಳೆಯ ತರ್ಕವೇ. ಆದರೆ ಅದು ಜನ ಓದೋ ಪುಸ್ತಕದಲ್ಲಿ ಇರಲಿಲ್ಲ! ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ಕೋಡ್ ಸರಿಯಾಗೇ ಓಡ್ತಿದೆ, ಡಾಕ್ಯುಮೆಂಟೇಶನ್ನಿನಲ್ಲಿ ಆ ಸಾಲೇ ಇಲ್ಲ, ಬೈಗುಳ ಮಾತ್ರ ರಾತ್ರಿ ಶಿಫ್ಟಿನವನಿಗೆ. ಆ ಸೂಚನೆ ಈಗ ನಿಯಮ ಪುಸ್ತಕದಲ್ಲೇ ಟಿಪ್ಪಣಿಯಾಗಿ ಸೇರಿದೆ, ಯಾರು ಬೇಕಾದರೂ ಓದಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಬಾರ್ನೆಟ್ ತೀರ್ಮಾನ ಸರಿ, ಕೊಟ್ಟ ಕಾರಣ ತಪ್ಪು. ಉದ್ದೇಶ ಇರಲಿಲ್ಲ ಅಂದಿದ್ದಕ್ಕೇ ಬೆಂಕಿ ಹತ್ತಿತು. ಇಬ್ಬರಿಗೂ ಆ ಜಾಗದಲ್ಲಿ ಇರೋ ಹಕ್ಕಿತ್ತು ಅಂದಿದ್ದರೆ ವಾದದ ದಾರಿಯೇ ಬೇರೆ ಆಗ್ತಿತ್ತು.

ಕ್ರಿಕೆಟ್ಟಿನಲ್ಲಿ ಉದ್ದೇಶವನ್ನ ಇವತ್ತಿಗೂ ಬಿಟ್ಟಿಲ್ಲ. ಫೀಲ್ಡರಿಗೆ ಅಡ್ಡಿ ಅಂತ ಔಟ್ ಕೊಡಬೇಕಾದರೆ ಬೇಕಂತಲೇ ಮಾಡಿರಬೇಕು. ಹಾಗಂತ ಅಲ್ಲಿ ಜಗಳ ಕಮ್ಮಿ ಆಯಿತಾ? 1951ರಲ್ಲಿ ಓವಲ್ ಮೈದಾನದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಲೆನ್ ಹಟನ್ ಮೇಲೆ ಚಿಮ್ಮಿದ ಬಾಲ್ ಸ್ಟಂಪ್ ಮೇಲೆ ಬೀಳದಿರಲಿ ಅಂತ ಬ್ಯಾಟ್ ಬೀಸಿದರು. ಕೀಪರ್ ರಸೆಲ್ ಎಂಡೀನ್ ಕ್ಯಾಚ್ ಹಿಡಿಯೋದಕ್ಕೆ ಅದು ಅಡ್ಡಿಯಾಯಿತು. ಹಟನ್ ಮನಸ್ಸಿನಲ್ಲಿದ್ದದ್ದು ವಿಕೆಟ್ ಉಳಿಸಿಕೊಳ್ಳೋದು, ಕೀಪರನ್ನ ತಡೆಯೋದಲ್ಲ. ಔಟ್ ಕೊಟ್ಟರು. ವಿಧಿ ನೋಡಿ, 1957ರಲ್ಲಿ ಕೇಪ್‌ಟೌನಿನಲ್ಲಿ ಅದೇ ಎಂಡೀನ್ ಪುಟಿದ ಬಾಲನ್ನ ಕೈಯಲ್ಲಿ ತಳ್ಳಿ, ಟೆಸ್ಟಿನಲ್ಲಿ ಬಾಲ್ ಮುಟ್ಟಿ ಔಟಾದ ಮೊದಲನೆಯವರಾದರು. ನಮ್ಮ ಮೊಹಿಂದರ್ ಅಮರ್‌ನಾಥ್ ಏಕದಿನ ಪಂದ್ಯಗಳಲ್ಲಿ ಎರಡೂ ರೀತಿ ಔಟಾಗಿದ್ದಾರೆ: 1986ರಲ್ಲಿ ಮೆಲ್ಬರ್ನಿನಲ್ಲಿ ಬಾಲ್ ಮುಟ್ಟಿ, 1989ರಲ್ಲಿ ಅಹಮದಾಬಾದಿನಲ್ಲಿ ಅಡ್ಡಿ ಮಾಡಿ.

ಸಾಫ್ಟ್‌ಬಾಲಿನವರು ಒಂದು ಕಡೆಯಾದರೂ ಮನಸ್ಸು ಓದೋ ಕೆಲಸ ಬಿಟ್ಟು ನೆಲವನ್ನೇ ಬದಲಾಯಿಸಿದರು. ಮೊದಲ ಬೇಸಿನಲ್ಲಿ ಓಡಿ ಬರೋಳಿಗೂ ಬಾಲ್ ಹಿಡಿಯೋಳಿಗೂ ಡಿಕ್ಕಿ ತಪ್ಪಿಸೋಕೆ ಎರಡು ಬೇಸ್ ಅಂಟಿಸಿ ಇಟ್ಟರು. ಬಿಳಿಯದು ಫೀಲ್ಡರಿಗೆ, ಗೆರೆಯಾಚೆ ಇರೋ ಕಿತ್ತಳೆ ಬಣ್ಣದ್ದು ಓಡುವವಳಿಗೆ. ಟೋಕಿಯೋ ಒಲಿಂಪಿಕ್ಸಿನ ಸಾಫ್ಟ್‌ಬಾಲ್ ನೋಡಿದವರಿಗೆ ಆ ಕಿತ್ತಳೆ ಬೇಸ್ ನೆನಪಿರಬಹುದು, ಜಪಾನ್ ಚಿನ್ನ ಗೆದ್ದಿದ್ದು. ಬ್ಯಾಟರ್ಸ್ ಬಾಕ್ಸಿನ ಗೆರೆಯದ್ದೂ ಅದೇ ಕೆಲಸ. ಅಂಪೈರ್ ನೋಡಬೇಕಾದ್ದು ಮುಖ ಅಲ್ಲ, ಕಾಲು.

ಭಾನುವಾರ ಆ ಹುಡುಗಿಗೆ ಇದನ್ನೆಲ್ಲ ಹೇಳಿ ಫಿಸ್ಕ್ ವಿಡಿಯೋ ತೋರಿಸಿದೆ. ಕ್ಯಾಚರ್ ಅಲ್ವಾ, ಪೂರ್ತಿ ಫಿಸ್ಕ್ ಪಕ್ಷ. ಮೂರು ಸಲ ಹಿಂದೆ ಮುಂದೆ ಮಾಡಿ ನೋಡಿದಳು. "ಇಂವಾ ಓಡೂದು ಬಿಟ್ಟು ನಿಂತಾನಲ್ರಿ ಕಾಕಾ" ಅಂದಳು. ಆಮೇಲೆ ಅವಳ ಪಂದ್ಯದ ವಿಷಯಕ್ಕೆ ಬಂದೆವು. ಆ ಬ್ಯಾಟರ್ ಕಾಲು ಗೆರೆ ದಾಟಿದ್ದು ನೀನು ನೋಡಿದೆಯಾ ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಗೆರೀನ ಇರಲಿಲ್ರಿ ಕಾಕಾ. ಎಲ್ಲಾರೂ ತುಳದು ತುಳದು ಆಗಲೇ ಅಳಿಸಿ ಹೋಗಿತ್ತು."